ಕರಿಮದ್ದಿನ ಮಿತಿ

ಋಣಶೇಷ, ರೋಗಶೇಷ, ಅಗ್ನಿಶೇಷ ಎಂಬ ಈ ಮೂರನ್ನು ಅಲ್ಪವೆಂದು ಬಗೆದು ಉಳಿಸಿದವನು ಕೆಡುವನೆಂಬುದು ಹಿರಿಯರ ಮಾತು. ಸಾಲದ ಉಳಿಕೆಯೂ ರೋಗದ ಉಳಿಕೆಯೂ ಬಹುಮಟ್ಟಿಗೆ ಉಳಿಸಿದವನನ್ನೇ ಬಾಧಿಸುವುವು. ಅಗ್ನಿಯ ಉಳಿಕೆಯಾದರೋ ಹಾಗಲ್ಲ; ಅದು ಉಳಿಸಿದವನ ಮನೆಯಲ್ಲಿ ಹುಟ್ಟಿ, ಉಳಿಸದವನ ಮನೆಯನ್ನೂ ಸುಡುತ್ತದೆ. ಆದಕಾರಣವೇ ಒಬ್ಬನು ತನ್ನ ಕಣಜದಲ್ಲಿ ಎಷ್ಟು ಭತ್ತವನ್ನು ತುಂಬಬಹುದೆಂದು ವಿಚಾರಿಸದ ರಾಜ್ಯಗಳು ಕೂಡ, ಅವನು ತನ್ನ ಮನೆಯಲ್ಲಿ ಎಷ್ಟು ಕರಿಮದ್ದನ್ನು ಇಟ್ಟುಕೊಳ್ಳಬಹುದೆಂಬುದನ್ನು ಮಾತ್ರ ವಿಚಾರಿಸಿ ಮಿತಿಯನ್ನು ಕಟ್ಟಿರುವುವು.

ಈ ಮಿತಿಯು ಕೆಲವರಿಗೆ ರುಚಿಸಿಲ್ಲ. ದೀಪಾವಳಿಯಿಂದ ಪತ್ತನಾಜೆಯವರೆಗೆ, ಅಂದರೆ ದಕ್ಷಿಣ ಕನ್ನಡದ ದೇವಸ್ಥಾನಗಳಲ್ಲಿಯೂ ದೈವಸ್ಥಾನಗಳಲ್ಲಿಯೂ ಉತ್ಸವಗಳು ನಡೆಯುವಷ್ಟು ಕಾಲವೂ, ಒಂದೇ ಬಗೆಯ ದೂರು ಕೇಳಿಬರುತ್ತದೆ. ಕದಿನಕ್ಕೆ ತುಂಬುವ ಮದ್ದಿಗೂ ಸರಕಾರದ ತಕ್ಕಡಿಯೇ? ರಥೋತ್ಸವದ ಬೆಡಿಗೂ ಕಿಲೋಗ್ರಾಮಿನ ಲೆಕ್ಕವೇ? ತಲೆತಲಾಂತರದಿಂದ ಮದ್ದನ್ನು ಮಾಡಿಕೊಂಡು ಬಂದವರ ಅಂಗಳಕ್ಕೆ ಬಂದು ತೂಗುವುದಕ್ಕೆ ಇವರು ಯಾರು? ಇದು ಆ ದೂರಿನ ಪಲ್ಲವಿ. ನಿಯಮಗಳಿಂದ ಕಸುಬೇ ನಿಂತುಹೋಗುವುದೆಂದು ವ್ಯಾಪಾರಿಗಳು ಅದಕ್ಕೆ ಚರಣವನ್ನು ಕೂಡಿಸುವರು. ಮಿತಿಯನ್ನು ಏರಿಸಬೇಕು, ಇಲ್ಲವೆ ಕಂಡೂ ಕಾಣದಂತಿರಬೇಕು ಎಂಬುದೇ ಹಾಡಿನ ಮುಕ್ತಾಯ. ಈ ವಾದವು ಎಷ್ಟರ ಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಪರೀಕ್ಷಿಸುವುದು ಯುಕ್ತವಾಗಿದೆ.

ಮೊದಲು ಕಾನೂನು ಏನನ್ನು ಹೇಳುತ್ತದೆಂಬುದನ್ನು ತಿಳಿಯಬೇಕು. ದೂರುವವರಲ್ಲಿ ಅನೇಕರು ಅದನ್ನು ಓದಿದಂತೆ ತೋರುವುದಿಲ್ಲ. ಭಾರತದಲ್ಲಿ ೧೮೮೪ನೆಯ ಇಸವಿಯ ಸ್ಫೋಟಕ ಶಾಸನವೂ, ಅದರ ಮೇರೆಗೆ ರಚಿತವಾದ ೨೦೦೮ನೆಯ ಇಸವಿಯ ನಿಯಮಾವಳಿಯೂ ಈ ವಿಷಯವನ್ನು ಆಳುತ್ತವೆ. ಬಾಣಬಿರುಸನ್ನಾಗಲಿ, ಕರಿಮದ್ದನ್ನಾಗಲಿ, ಎರಡನ್ನೂ ಕೂಡಿಸಿಯಾಗಲಿ ಒಂದು ವೇಳೆಗೆ ೧೫ ಕಿಲೋಗ್ರಾಮು ಮೀರದಂತೆ ತಯಾರಿಸುವುದಕ್ಕೆ ಲೈಸೆನ್ಸು ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳಿಗೆ ಇದೆ. ಅದಕ್ಕೆ ಮೇಲ್ಪಟ್ಟ ವ್ಯವಹಾರವು ಜಿಲ್ಲೆಯ ಕಚೇರಿಯಲ್ಲಿ ತೀರತಕ್ಕದ್ದಲ್ಲ; ನಾಗಪುರದಲ್ಲಿ ಮುಖ್ಯ ಕಚೇರಿಯನ್ನುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಅಧಿಕಾರಿಗಳು ಅದನ್ನು ನೋಡಬೇಕು. ತಯಾರಿಸುವುದಕ್ಕೆ ಒಂದು ಲೈಸೆನ್ಸಾದರೆ, ಕೂಡಿಟ್ಟುಕೊಳ್ಳುವುದಕ್ಕೆ ಮತ್ತೊಂದು. ಮದ್ದಿನ ಕೋಠಿಗೂ ವಾಸದ ಮನೆಗೂ ನಡುವೆ ಬಿಡತಕ್ಕ ಅಂತರವು ಒಳಗಿರುವ ಮದ್ದಿನ ತೂಕ ಏರಿದಂತೆ ಏರುತ್ತದೆ. ಇದಿಷ್ಟರಲ್ಲಿ ದೇವರ ಉತ್ಸವವನ್ನು ನಿಲ್ಲಿಸೆಂಬ ಒಂದು ಅಕ್ಷರವೂ ಇಲ್ಲ. ಕಸುಬನ್ನು ಬಿಡೆಂಬ ಒಂದು ಮಾತೂ ಇಲ್ಲ. ಎಷ್ಟು, ಎಲ್ಲಿ, ಯಾರಿಂದ ಎಷ್ಟು ದೂರದಲ್ಲಿ ಎಂಬ ಮೂರು ಪ್ರಶ್ನೆಗಳು ಮಾತ್ರವೇ ಇವೆ.

ಈ ಪ್ರಶ್ನೆಗಳನ್ನು ಅಕ್ಕಿಗಾಗಲಿ ಬೆಲ್ಲಕ್ಕಾಗಲಿ ಕೇಳದೆ ಕರಿಮದ್ದಿಗೆ ಏಕೆ ಕೇಳಬೇಕೆಂದರೆ, ಅದರ ಸ್ವಭಾವವೇ ಅಂತಹುದು. ಪೆಟ್ಲುಪ್ಪು, ಗಂಧಕ, ಇದ್ದಿಲು ಇವು ಮೂರರ ಕೂಟವೇ ಕರಿಮದ್ದು. ಕಟ್ಟಿಗೆಯಾಗಲಿ ಹುಲ್ಲಾಗಲಿ ಉರಿಯಬೇಕಾದರೆ ಹೊರಗಿನ ಗಾಳಿ ಬೇಕು. ಆದಕಾರಣ ಒದ್ದೆಗೋಣಿಯನ್ನು ಹೊದಿಸಿ ಅದನ್ನು ಉಸಿರುಕಟ್ಟಿಸಬಹುದು. ಕರಿಮದ್ದಾದರೋ ತನಗೆ ಬೇಕಾದ ಪ್ರಾಣವಾಯುವನ್ನು ಪೆಟ್ಲುಪ್ಪಿನ ರೂಪದಲ್ಲಿ ತನ್ನ ಮಡಿಲಲ್ಲಿಯೇ ಕಟ್ಟಿಕೊಂಡು ಬಂದಿರುತ್ತದೆ. ಅದಕ್ಕೆ ಹೊರಗಿನ ಗಾಳಿಯ ಹಂಗಿಲ್ಲ. ಮುಚ್ಚಿದಷ್ಟೂ ಅದರ ಕ್ರೌರ್ಯ ಹೆಚ್ಚು. ಅಂಗೈಯಷ್ಟು ಮದ್ದು ಬಯಲಿನಲ್ಲಿ ಹತ್ತಿಕೊಂಡರೆ ಭುಗ್ಗೆಂದು ಉರಿದು ಹೊಗೆಯಾಗಿ ಹೋಗುವುದು. ಅದೇ ಮದ್ದು ಮೂಟೆಗಟ್ಟಲೆಯಾಗಿ ಕಲ್ಲುಗೋಡೆಯ ಕೋಣೆಯೊಳಗೆ ಹತ್ತಿಕೊಂಡರೆ, ಕೋಣೆಯನ್ನು ಕಾಯಬೇಕಾಗಿದ್ದ ಕಲ್ಲೇ ಊರಿನ ಮೇಲೆ ಗುಂಡಾಗಿ ಬೀಳುವುದು. ಒಣಗಿದ ಜಾಗದಲ್ಲಿದ್ದರೆ ವರ್ಷಗಳು ಕಳೆದರೂ ಅದರ ಗುಣ ಕುಂದುವುದಿಲ್ಲ. ಕಳೆದ ಜಾತ್ರೆಯಲ್ಲಿ ಉಳಿದದ್ದೆಂದು ಅಟ್ಟದ ಮೂಲೆಗೆ ತಳ್ಳಿದ ಡಬ್ಬಿಯು ಮುಂದಿನ ಜಾತ್ರೆಯವರೆಗೂ ಜೀವದಿಂದಿರುತ್ತದೆ.

ಇಲ್ಲೊಂದು ಸಣ್ಣ ಗಣಿತವಿದೆ. ಸಿಡಿಯುವ ಮದ್ದು ಎಂಟುಮಡಿಯಾದರೆ ಅದರ ಹೊಡೆತವು ತಲಪುವ ದೂರವು ಸುಮಾರು ಇಮ್ಮಡಿಯಾಗುತ್ತದೆ. ಎಂಟುಮಡಿಗೆ ಇಮ್ಮಡಿಯೇ ಆದರೆ ಹೆದರಿಕೆ ಏನೆಂದು ಮೇಲುನೋಟಕ್ಕೆ ತೋರಬಹುದು. ಆದರೆ ದೂರವು ಇಮ್ಮಡಿಯಾದಾಗ ವೃತ್ತದ ಕ್ಷೇತ್ರಫಲವು ನಾಲ್ಮಡಿಯಾಗುವುದೆಂಬುದನ್ನು ಪಾಠಶಾಲೆಯ ಹುಡುಗನೂ ಬಲ್ಲನು. ಒಂದು ಮನೆಯಿದ್ದೆಡೆ ನಾಲ್ಕು ಮನೆಗಳು, ಒಂದು ಸಂಸಾರವಿದ್ದೆಡೆ ನಾಲ್ಕು ಸಂಸಾರಗಳು ಆ ವೃತ್ತದೊಳಕ್ಕೆ ಬಂದವು. ಮದ್ದನ್ನು ಹೆಚ್ಚಿಸಿದವನು ಒಬ್ಬ. ವೃತ್ತದೊಳಕ್ಕೆ ಬಂದವರನ್ನು ಯಾರೂ ಒಂದು ಮಾತು ಕೇಳಿಲ್ಲ. ಮಿತಿಯ ಕಾನೂನಿನ ನ್ಯಾಯವೆಲ್ಲವೂ ಈ ಒಂದು ವಾಕ್ಯದಲ್ಲಿದೆ.

ಆಕ್ಷೇಪಿಸುವವರ ಮೊದಲನೆಯ ಮಾತು ಎಚ್ಚರದ ಮಾತು. ತಮ್ಮ ಅಜ್ಜಂದಿರು ಮಣಗಟ್ಟಲೆ ಮದ್ದನ್ನು ಇಟ್ಟುಕೊಂಡಿದ್ದರೆಂದೂ, ಕೈಚಳಕವಿದ್ದವನಿಗೆ ಭಯವಿಲ್ಲವೆಂದೂ ಅವರು ಹೇಳುವರು. ಅಜ್ಜಂದಿರಲ್ಲಿ ಬದುಕಿ ಉಳಿದವರು ಮಾತ್ರ ಮೊಮ್ಮಕ್ಕಳಿಗೆ ಕಥೆ ಹೇಳಿದರೆಂಬುದನ್ನು ಅವರು ಮರೆತಂತಿದೆ. ಎಚ್ಚರವು ದೊಡ್ಡ ಗುಣವೇ ಸರಿ. ಆದರೆ ಎಚ್ಚರವೆಂಬುದು ಮನುಷ್ಯನ ಗುಣ. ಅದು ದಣಿಯುತ್ತದೆ, ತೂಕಡಿಸುತ್ತದೆ, ಮುಂದಿನ ಜಾತ್ರೆಯ ಅವಸರದಲ್ಲಿ ಮೈಮರೆಯುತ್ತದೆ. ಸಿಡಿಲಿಗೆ ಯಾರ ಎಚ್ಚರವೂ ಅಡ್ಡಬಾರದು. ಎಚ್ಚರವು ಕಿಡಿಯನ್ನು ತಡೆಯುತ್ತದೆ. ಮಿತಿಯು ಕಿಡಿ ಬಿದ್ದ ಮೇಲೆಯೂ ಊರನ್ನು ಉಳಿಸುತ್ತದೆ. ಒಬ್ಬನ ಕೈ ಸುಟ್ಟಿತೇ ಅಥವಾ ಒಂದು ಕೇರಿ ಸುಟ್ಟಿತೇ ಎಂಬುದನ್ನು ನಿರ್ಣಯಿಸುವುದು ಕಿಡಿಯಲ್ಲ, ಅದು ಬಿದ್ದ ರಾಶಿ.

ನಿಜವಾದ ಪೂರ್ವಿಕರ ನಡವಳಿಕೆಯನ್ನು ನೋಡಬೇಕಾದರೆ ಕೋಟೆಗಳನ್ನು ನೋಡಬೇಕು. ಚಿತ್ರದುರ್ಗದಲ್ಲಿ ಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳು ಇಂದಿಗೂ ಇವೆ. ಶ್ರೀರಂಗಪಟ್ಟಣದಲ್ಲಿಯೂ ಸಕಲೇಶಪುರದ ಬಳಿಯ ಮಂಜರಾಬಾದಿನಲ್ಲಿಯೂ ಮದ್ದಿನ ಮನೆಗಳು ಪ್ರತ್ಯೇಕವಾಗಿ ನಿಂತಿವೆ. ಯುದ್ಧವನ್ನೇ ಕಸುಬಾಗಿ ಮಾಡಿಕೊಂಡಿದ್ದವರು ಕೂಡ ಮದ್ದನ್ನು ಮಲಗುವ ಮನೆಯ ಪಕ್ಕದಲ್ಲಿ ಇಡಲಿಲ್ಲ. ಅದಕ್ಕೆಂದು ಬೇರೆ ಮನೆ, ದಪ್ಪ ಗೋಡೆ, ಬೇರೆ ಕಾವಲು. ಪೂರ್ವಿಕರ ಹೆಸರನ್ನು ಎತ್ತುವವರು ಅವರ ಬುದ್ಧಿಯನ್ನೂ ಎತ್ತಿಕೊಳ್ಳುವುದು ಒಳ್ಳೆಯದು.

ಎರಡನೆಯ ಮಾತು, ಈ ಕಾನೂನು ಇಂಗ್ಲಿಷರದು, ಪರಕೀಯವಾದದ್ದು ಎಂಬುದು. ೧೮೮೪ರ ಶಾಸನವು ಇಂಗ್ಲಿಷರ ಆಳ್ವಿಕೆಯಲ್ಲಿ ಹುಟ್ಟಿತೆಂಬುದು ನಿಜ. ಆದರೆ ಇಂಗ್ಲಿಷರೂ ಅದನ್ನು ಸುಮ್ಮನೆ ಕಲಿಯಲಿಲ್ಲ, ಸುಟ್ಟುಕೊಂಡು ಕಲಿತರು. ಆ ದೇಶದಲ್ಲಿ ೧೭೭೨ರ ಶಾಸನವು ಮದ್ದಿನ ವ್ಯಾಪಾರಿಗೆ ೨೦೦ ಪೌಂಡನ್ನೂ ಇತರರಿಗೆ ೫೦ ಪೌಂಡನ್ನೂ ಮಿತಿಯಾಗಿ ಗೊತ್ತುಮಾಡಿತ್ತು. ೧೮೭೪ನೆಯ ಅಕ್ಟೋಬರ್ ೨ರ ಬೆಳಗಿನ ಜಾವದಲ್ಲಿ ಲಂಡನ್ನಿನ ರೀಜೆಂಟ್ಸ್ ಕಾಲುವೆಯ ಮೇಲೆ ಸಾಗುತ್ತಿದ್ದ ಟಿಲ್ಬರಿ ಎಂಬ ದೋಣಿಯು, ತನ್ನಲ್ಲಿದ್ದ ಹಲವು ಟನ್ನು ಕರಿಮದ್ದಿನೊಡನೆ ಒಂದು ಸೇತುವೆಯ ಅಡಿಯಲ್ಲಿ ಸಿಡಿದುಹೋಯಿತು. ಸೇತುವೆ ಮುರಿಯಿತು, ಸುತ್ತಣ ಮನೆಗಳು ಜಖಂಗೊಂಡುವು, ದೋಣಿಯಲ್ಲಿದ್ದ ಮೂವರೂ ಸತ್ತರು. ಮರುವರ್ಷವೇ, ಅಂದರೆ ೧೮೭೫ರಲ್ಲಿ, ಇಂಗ್ಲೆಂಡಿನ ಸ್ಫೋಟಕ ಶಾಸನವು ಬಂದಿತು. ಮಾರಾಟಕ್ಕಲ್ಲದೆ ಸ್ವಂತ ಉಪಯೋಗಕ್ಕಾಗಿ ಇಟ್ಟುಕೊಳ್ಳುವವನಿಗೆ ಅದು ವಿಧಿಸಿದ ಮಿತಿ ೩೦ ಪೌಂಡು. ಸಮುದ್ರದಾಚೆಯ ನ್ಯೂಯಾರ್ಕ್ ನಗರದಲ್ಲಿ ೧೭೮೪ರಲ್ಲಿಯೇ ೨೮ ಪೌಂಡಿಗಿಂತ ಹೆಚ್ಚು ಇಡಕೂಡದೆಂದೂ, ಅದನ್ನು ಕೂಡ ಏಳೇಳು ಪೌಂಡಿನಂತೆ ನಾಲ್ಕು ಬೇರೆ ಬೇರೆ ಪಾತ್ರೆಗಳಲ್ಲಿ ಇಡಬೇಕೆಂದೂ ವಿಧಿಸಿದ್ದರು. ತಮ್ಮ ಸ್ವಾತಂತ್ರ್ಯಕ್ಕಾಗಿ ಅದೇ ಮದ್ದಿನಿಂದ ಹೋರಾಡಿ ಗೆದ್ದ ಮರುವರ್ಷದಲ್ಲಿ ಅವರು ಇದನ್ನು ವಿಧಿಸಿದರೆಂಬುದು ನೆನಪಿಡತಕ್ಕದ್ದು. ಮಿತಿಯು ದಾಸ್ಯದ ಗುರುತೆಂದು ಅವರಿಗೆ ತೋರಲಿಲ್ಲ.

ಇನ್ನು ಸ್ವದೇಶದ ಶಾಸ್ತ್ರವೇ ಬೇಕೆನ್ನುವವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆಯಲಿ. ಕರಿಮದ್ದನ್ನು ಆ ಕಾಲವು ಅರಿಯದು. ಆದರೂ ಎರಡನೆಯ ಅಧಿಕರಣದಲ್ಲಿ ನಗರದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ, ಬೆಂಕಿಯಿಂದ ಜೀವಿಸುವ ಕಸುಬಿನವರನ್ನು ಒಂದೇ ಕಡೆಯಲ್ಲಿ ವಾಸಮಾಡಿಸಬೇಕೆಂದೂ, ಬೀದಿಗಳಲ್ಲಿ ನೀರಿನ ಕೊಡಗಳನ್ನು ಸಾಲಾಗಿ ಇರಿಸಬೇಕೆಂದೂ ವಿಧಿಸಲಾಗಿದೆ. ಉರಿಯುತ್ತಿರುವ ಮನೆಯನ್ನು ಆರಿಸಲು ಓಡಿಬಾರದ ಮನೆಯೊಡೆಯನಿಗೆ ೧೨ ಪಣ, ಬಾಡಿಗೆದಾರನಿಗೆ ೬ ಪಣ, ಅಜಾಗರೂಕತೆಯಿಂದ ಬೆಂಕಿ ಹತ್ತಿಸಿದವನಿಗೆ ೫೪ ಪಣ ದಂಡವನ್ನು ಹೇಳಿದೆ. ಬೇಕೆಂದು ಹಚ್ಚಿದವನಿಗೆ ಮಾತ್ರವಲ್ಲ, ಅಜಾಗರೂಕನಿಗೂ ದಂಡ! ತನ್ನ ಮನೆಯ ಬೆಂಕಿ ತನ್ನ ಸ್ವಂತ ವಿಷಯವೆಂಬ ಮಾತು ಈ ದೇಶದ ಶಾಸ್ತ್ರಕ್ಕೆ ಎಂದೂ ಸಮ್ಮತವಾಗಿರಲಿಲ್ಲ.

ಅಮೆರಿಕದ ಇಂದಿನ ಕಾನೂನನ್ನು ಉದಾಹರಿಸುವ ವಿದ್ಯಾವಂತರೂ ಇದ್ದಾರೆ. ಅಲ್ಲಿಯ ಕೇಂದ್ರ ಶಾಸನವು ೧೯೭೦ರಲ್ಲಿ ೫ ಪೌಂಡಿಗೆ ಕೊಟ್ಟಿದ್ದ ವಿನಾಯಿತಿಯನ್ನು ೧೯೭೫ರಲ್ಲಿ ೫೦ ಪೌಂಡಿಗೆ ಏರಿಸಿತೆಂಬುದು ಸತ್ಯವೇ. ಆದರೆ ಆ ವಿನಾಯಿತಿಯು ಕಾರ್ಖಾನೆಯಲ್ಲಿ ತಯಾರಾದ ಮದ್ದಿಗೆ, ಅದೂ ಹಳೆಯ ಮಾದರಿಯ ಬಂದೂಕುಗಳಲ್ಲಿ ಕ್ರೀಡೆ, ವಿನೋದ, ಸಂಸ್ಕೃತಿ ಇವುಗಳ ಸಲುವಾಗಿ ಮಾತ್ರ ಉಪಯೋಗಿಸುವ ಮದ್ದಿಗೆ. ಹಿತ್ತಿಲ ಕೊಟ್ಟಿಗೆಯಲ್ಲಿ ಬೆರೆಸಿ ಮೂಟೆಕಟ್ಟಿದ ಮದ್ದಿಗೆ ಅದು ರಕ್ಷೆಯಲ್ಲ. ಮೇಲಾಗಿ ಅಲ್ಲಿಯ ಸಂಸ್ಥಾನಗಳೂ ಊರುಗಳೂ ತಮ್ಮ ತಮ್ಮ ಅಗ್ನಿನಿಯಮಗಳಿಂದ ಅದನ್ನು ಇನ್ನಷ್ಟು ಬಿಗಿಮಾಡಬಹುದು. ವಿಶಾಲವಾದ ಹೊಲಗಳ ನಡುವೆ ಒಂಟಿಮನೆಯಲ್ಲಿರುವವನ ಅಳತೆಯನ್ನು ತಂದು, ಗೋಡೆಗೆ ಗೋಡೆ ತಗಲಿರುವ ರಥಬೀದಿಗೆ ಹಿಡಿಯುವುದು ಜಾಣತನವಲ್ಲ.

ಮೂರನೆಯ ಮಾತು ಭಕ್ತಿಯ ಮಾತು. ಇದನ್ನು ಗೌರವದಿಂದಲೇ ಪರಿಶೀಲಿಸಬೇಕು. ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಯನ್ನು ಜನರು ಪುತ್ತೂರು ಬೆಡಿಯೆಂದೇ ಕರೆಯುವರು; ಬೆಡಿಯಿಲ್ಲದ ಜಾತ್ರೆಯನ್ನು ಅವರ ಮನಸ್ಸು ಕಲ್ಪಿಸಲಾರದು. ಆ ಸಂತೋಷವನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ. ಆದರೆ ಭಕ್ತಿಯಿರುವುದು ಆಕಾಶದಲ್ಲಿ ಅರಳುವ ಬೆಳಕಿನಲ್ಲಿಯೋ, ಅದಕ್ಕೆ ಮುಂಚೆ ಕೋಣೆಯಲ್ಲಿ ಒಟ್ಟಿದ ರಾಶಿಯಲ್ಲಿಯೋ? ಕೇರಳದ ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್ ದೇವಸ್ಥಾನದಲ್ಲಿ ೨೦೧೬ನೆಯ ಏಪ್ರಿಲ್ ೧೦ರ ಬೆಳಗಿನ ಜಾವ ನಡೆದದ್ದನ್ನು ಯಾರು ಮರೆತಾರು? ಜಿಲ್ಲಾಡಳಿತವು ಅನುಮತಿಯನ್ನು ನಿರಾಕರಿಸಿದ್ದರೂ ಬಾಣಬಿರುಸಿನ ಪ್ರದರ್ಶನ ನಡೆಯಿತು. ಕಿಡಿಗಳು ಮದ್ದು ತುಂಬಿದ್ದ ಕಟ್ಟಡಕ್ಕೆ ಬಿದ್ದುವು. ನೂರಕ್ಕೂ ಮಿಕ್ಕಿ ಜನರು ದೇವಿಯ ಸನ್ನಿಧಿಯಲ್ಲಿಯೇ ಪ್ರಾಣಬಿಟ್ಟರು. ಜಿಲ್ಲಾ ದಂಡಾಧಿಕಾರಿಗಳು ಕೊಡಬಹುದಾದ ಲೈಸೆನ್ಸಿನ ಅಳತೆ ೧೫ ಕಿಲೋಗ್ರಾಮು. ಅಂತಹ ಪ್ರದರ್ಶನಗಳು ಬೇಡುವುದು ಅದರ ಎಷ್ಟೋ ಪಾಲು. ಈ ಎರಡರ ನಡುವಣ ಅಂತರವೇ ಆ ನೂರು ಜನರ ಸಮಾಧಿ.

ಅದು ದೂರದ ಮಾತಾದರೆ ಹತ್ತಿರದ್ದನ್ನೇ ನೋಡಬಹುದು. ಕನ್ನಡ ನಾಡಿಗೆ ಅಂಟಿಕೊಂಡಿರುವ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ೨೦೨೪ನೆಯ ಅಕ್ಟೋಬರ್ ೨೮ರ ನಡುರಾತ್ರಿ ಕಳಿಯಾಟವನ್ನು ನೋಡಲು ಜನರು ನೆರೆದಿದ್ದರು. ನೆರೆದವರ ಪಕ್ಕದಲ್ಲಿಯೇ ಒಂದು ಕೊಟ್ಟಿಗೆಯಲ್ಲಿ ಪಟಾಕಿಗಳ ದಾಸ್ತಾನಿತ್ತು. ಹಚ್ಚಿದ ಪಟಾಕಿಯ ಕಿಡಿಯೇ ದಾಸ್ತಾನಿನ ಮೇಲೆ ಬಿದ್ದಿತು. ನೂರೈವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅವರಲ್ಲಿ ಕೆಲವರು ಮುಂದಿನ ದಿನಗಳಲ್ಲಿ ತೀರಿಕೊಂಡರು. ಎರಡು ಕಡೆಯಲ್ಲಿಯೂ ಜನರನ್ನು ಕೊಂದದ್ದು ಉರಿಸಿದ ಮದ್ದಲ್ಲ, ಉರಿಸುವುದಕ್ಕೆಂದು ಕೂಡಿಟ್ಟ ಮದ್ದು. ದೇವರಿಗೆ ಸಲ್ಲುವ ಸೇವೆಯು ಭಕ್ತರ ಪ್ರಾಣವನ್ನು ಪಣಕ್ಕೆ ಒಡ್ಡಬೇಕೆಂದು ಯಾವ ಆಗಮವೂ ವಿಧಿಸಿಲ್ಲ.

ನಾಲ್ಕನೆಯದು ಜೀವನೋಪಾಯದ ಮಾತು. ಮಿತಿಯಿಂದ ಬಡವರ ಹೊಟ್ಟೆಯ ಮೇಲೆ ಹೊಡೆದಂತಾಗುವುದೆಂದು ವ್ಯಾಪಾರಿಗಳು ಕಣ್ಣೀರು ಸುರಿಸುವರು. ಸಿಡಿದಾಗ ಸಾಯುವವರು ಯಾರೆಂಬುದನ್ನು ನೋಡಿದರೆ ಈ ಕಣ್ಣೀರಿನ ಬೆಲೆ ತಿಳಿಯುವುದು. ೨೦೨೩ನೆಯ ಅಕ್ಟೋಬರ್ ೭ರಂದು ಬೆಂಗಳೂರಿನ ಬಳಿಯ ಅತ್ತಿಬೆಲೆಯಲ್ಲಿ ಪಟಾಕಿಯ ಮಳಿಗೆಯೂ ಗೋದಾಮೂ ಹೊತ್ತಿಕೊಂಡಾಗ ಹದಿನಾಲ್ಕಕ್ಕೆ ಕಡಮೆಯಿಲ್ಲದಷ್ಟು ಜನರು ಸತ್ತರು. ಅವರಲ್ಲಿ ಹೆಚ್ಚಿನವರು ದೀಪಾವಳಿಯ ಕಾಲದ ಕೂಲಿಗಾಗಿ ತಮಿಳುನಾಡಿನಿಂದ ಬಂದಿದ್ದ ಯುವಕರು. ಓದುವ ಹುಡುಗರೂ ಇದ್ದರು. ೨೦೨೪ನೆಯ ಜನವರಿ ೨೮ರಂದು ಬೆಳ್ತಂಗಡಿ ತಾಲೂಕಿನ ವೇಣೂರಿನ ಸಮೀಪದ ಕುಕ್ಕೇಡಿಯಲ್ಲಿ ಬೆಡಿ ತಯಾರಿಸುವ ಸ್ಥಳವು ಸಿಡಿದಾಗ ಮೂವರು ಕೆಲಸಗಾರರು ಹೋದರು. ಲಾಭದ ಹೆಚ್ಚಳವು ಒಡೆಯನಿಗೆ. ರಾಶಿಯ ಪಕ್ಕದಲ್ಲಿ ಕುಳಿತುಕೊಳ್ಳುವ ಕೆಲಸವು ಕೂಲಿಯವನಿಗೆ. ಹಾಗಿರಲು ಮಿತಿಯು ಯಾರ ಹೊಟ್ಟೆಯ ಮೇಲಣ ಹೊಡೆತ, ಯಾರ ಪ್ರಾಣದ ಮೇಲಣ ಕವಚ ಎಂಬುದನ್ನು ವಾಚಕರೇ ವಿಚಾರಿಸಲಿ.

ಅತ್ತಿಬೆಲೆಯಲ್ಲಿದ್ದದ್ದು ಪಟಾಕಿ, ಅಜ್ಜಂದಿರ ಕರಿಮದ್ದಲ್ಲ. ಇಂದಿನ ಅನಾಹುತಗಳಿಗೆ ಹೊಸ ಮದ್ದುಗಳು ಕಾರಣ, ಹಳೆಯದು ಸಾಧು ಎಂದು ಕೆಲವರು ಜಾರಿಕೊಳ್ಳುವರು. ಹೊಸವು ಹೆಚ್ಚು ಉಗ್ರವೆಂಬುದು ಒಪ್ಪತಕ್ಕದ್ದೇ. ಆದರೆ ರಾಶಿಗೆ ಮಿತಿಯಿಲ್ಲದ ಕೋಣೆಯಲ್ಲಿ ಹಳೆಯದೂ ಹೊಸದೂ ಒಂದೇ ಚಾಪೆಯ ಮೇಲೆ ಮಲಗುತ್ತವೆ. ಒಂದು ಎದ್ದರೆ ಮತ್ತೊಂದು ಏಳುತ್ತದೆ. ರೀಜೆಂಟ್ಸ್ ಕಾಲುವೆಯ ಸೇತುವೆಯನ್ನು ಹಾರಿಸಿದ್ದು ಸಾಧುವೆನಿಸಿದ ಕರಿಮದ್ದೇ.

ಕಾಡುಹಂದಿಯಿಂದಲೂ ಮಂಗಗಳಿಂದಲೂ ತೋಟವನ್ನು ಕಾಯುವುದಕ್ಕಾಗಿ ಲೈಸೆನ್ಸು ಪಡೆದು ಕೇಪಿನ ಕೋವಿಯನ್ನು ಇಟ್ಟುಕೊಂಡಿರುವ ಕೃಷಿಕನ ವಿಷಯ ಬೇರೆ. ಅವನ ಹೆಸರನ್ನು ಮುಂದಿಟ್ಟುಕೊಂಡು ವ್ಯಾಪಾರಿಯು ವಾದಿಸುವುದುಂಟು. ಆದರೆ ಒಂದು ಗುಂಡಿಗೆ ಬೇಕಾಗುವ ಮದ್ದು ಕೆಲವೇ ಗ್ರಾಮು. ವರ್ಷವಿಡೀ ಕಾದರೂ ಅವನಿಗೆ ಒಂದು ಸಣ್ಣ ಡಬ್ಬಿಯು ಸಾಕು. ಮಿತಿಯಿಂದ ಅವನಿಗೆ ನಷ್ಟವಿಲ್ಲ. ಅವನ ನಿಜವಾದ ಕಷ್ಟವು ಆ ಸಣ್ಣ ಡಬ್ಬಿಯನ್ನು ಕಾನೂನುಬದ್ಧವಾಗಿ ಪಡೆಯಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುವುದು. ಆ ಅಲೆದಾಟವನ್ನು ತಪ್ಪಿಸುವುದು ಸರಕಾರದ ಕರ್ತವ್ಯ. ಸಣ್ಣ ಅಗತ್ಯಕ್ಕೆ ನೇರವಾದ ದಾರಿ ಇಲ್ಲದೆಡೆಯಲ್ಲಿ ದೊಡ್ಡ ಕಳ್ಳದಾರಿ ತಾನಾಗಿಯೇ ಹುಟ್ಟುವುದು.

ಅಧಿಕಾರಿಗಳೂ ನಿರ್ದೋಷಿಗಳಲ್ಲ. ಪ್ರತಿಯೊಂದು ಸ್ಫೋಟವಾದ ಮೇಲೆ ಕೆಲವು ವಾರಗಳ ಕಾಲ ಬೀಗಮುದ್ರೆ, ತಪಾಸಣೆ, ಅಮಾನತು, ಆಮೇಲೆ ಗಾಢನಿದ್ರೆ. ಒಂದು ವೇಳೆಗೆ ೧೫ ಕಿಲೋಗ್ರಾಮೆಂಬ ಮಾತಿನಲ್ಲಿ ಒಂದು ಸಂದಿಯಿದೆ. ಬೆಳಗ್ಗೆ ಒಂದು ವೇಳೆ, ಮಧ್ಯಾಹ್ನ ಒಂದು ವೇಳೆ, ಸಂಜೆ ಒಂದು ವೇಳೆ ಎಂದು ಮಾಡುತ್ತಾ, ಮಾಡಿದ್ದನ್ನೆಲ್ಲ ಹಿಂದಿನ ಕೋಣೆಗೆ ತಳ್ಳುತ್ತಾ ಹೋದರೆ, ಕಾಗದದ ಮೇಲೆ ೧೫ ಇದ್ದದ್ದು ನೆಲದ ಮೇಲೆ ೧೫೦ ಆಗುವುದಕ್ಕೆ ಬಹಳ ದಿನಗಳು ಬೇಡ. ತಯಾರಿಸುವ ಕೈಯನ್ನು ಮಾತ್ರ ಎಣಿಸಿ, ಹಿಂದಿನ ಕೋಣೆಯ ಬಾಗಿಲನ್ನು ತೆರೆಯದ ತಪಾಸಣೆಯು ತಪಾಸಣೆಯಲ್ಲ. ಮಂಗಳಾರತಿಗೆ ಬಂದು ಹೋದಂತೆ.

ಆದುದರಿಂದ ಮಿತಿಯನ್ನು ಏರಿಸಬೇಕೆಂಬ ಬೇಡಿಕೆಯನ್ನು ಕೈಬಿಟ್ಟ ಮೇಲೆ ಮಾಡತಕ್ಕ ಕಾರ್ಯಗಳು ಮೂರು. ದೇವಸ್ಥಾನದ ಆವರಣದಲ್ಲಿಯೂ ಜನರು ನೆರೆಯುವ ಗದ್ದೆಯ ಅಂಚಿನಲ್ಲಿಯೂ ಮದ್ದನ್ನು ಕೂಡಿಡಕೂಡದು; ಉರಿಸತಕ್ಕದ್ದು ದೂರದ ಅಧಿಕೃತ ಕೋಠಿಯಿಂದ ಆ ಹೊತ್ತಿಗೆ ಬೇಕಾದಷ್ಟೇ ಬರಲಿ, ಉಳಿದದ್ದು ಆ ರಾತ್ರಿಯೇ ಅಲ್ಲಿಗೆ ಹಿಂದಿರುಗಲಿ. ಮದ್ದು ಇರುವ ಪ್ರತಿಯೊಂದು ಸ್ಥಳದ ಬಾಗಿಲಲ್ಲಿ, ಅಲ್ಲಿ ಎಷ್ಟು ಇಡಬಹುದು ಮತ್ತು ಇಂದು ಎಷ್ಟು ಇದೆ ಎಂಬ ಎರಡು ಅಂಕೆಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದಿರಲಿ. ನೆರೆಯವನಿಗೆ ಅದನ್ನು ಓದುವ ಹಕ್ಕೂ, ಸಂಶಯ ಬಂದರೆ ತೂಗಿಸುವಂತೆ ಕೇಳುವ ಹಕ್ಕೂ ಇರಲಿ. ಉತ್ಸವದ ಸಮಿತಿಗಳು ಬೆಡಿಯ ಗುತ್ತಿಗೆಯನ್ನು ಕೊಡುವಾಗ ಸದ್ದು ಎಷ್ಟು ದೂರ ಕೇಳುವುದೆಂದು ವಿಚಾರಿಸುವ ಮೊದಲು, ಲೈಸೆನ್ಸು ಎಷ್ಟಕ್ಕೆ ಇದೆಯೆಂದು ವಿಚಾರಿಸಲಿ.

ಕಡೆಗೆ ಉಳಿಯುವವನು ಭಕ್ತ. ಬೆಡಿಗೆ ಹಣ ಕೊಡುವವನು ಅವನೇ. ಅದನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬರುವವನೂ ಅವನೇ. ಹಣ ಕೊಡುವಾಗ ಅವನು ಒಂದು ಪ್ರಶ್ನೆಯನ್ನು ಕೇಳಲಿ: ಈ ಮದ್ದು ನಿನ್ನೆಯ ರಾತ್ರಿ ಯಾರ ಮನೆಯ ಪಕ್ಕದಲ್ಲಿ ಇತ್ತು? ಇದಕ್ಕೆ ನೇರವಾದ ಉತ್ತರ ಬಂದರೆ ಹಣವನ್ನು ಸಂತೋಷದಿಂದ ಕೊಡಲಿ. ಬಾರದಿದ್ದರೆ ಆ ಹಣವನ್ನು ದೇವರ ದೀಪದ ಎಣ್ಣೆಗೆ ಕೊಡಲಿ. ಎಣ್ಣೆಯ ದೀಪವೂ ಬೆಂಕಿಯೇ; ಆದರೆ ಹಣತೆಯು ತನ್ನ ಮಿತಿಯನ್ನು ಅರಿತಿದೆ.